ಸೊನ್ನೆ ಒತ್ತಬಹುದೇ?

ಮಾನ್ಯ 'ಈ ಪುಟ ಸಿದ್ಧವಾಗುತ್ತಿದೆ' ಎಂಬ ಪುಟದವರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ನ್ಯಾಮತಿ ಬಸ್ ನಿಲ್ದಾಣದ ಎದುರು, ಸೂರಗೊಂಡನಕೊಪ್ಪದ ಬಸ್ಸು ನಿಲ್ಲುವ ಕಡೆ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಪುಟ್ಟ ಅಂಗಡಿ ಇಟ್ಟುಕೊಂಡಿರುವ ಕಾವ್ಯಶ್ರೀ ಎಂಬ ನಾನು ತಮಗೆ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ಎಂದಿನಂತೆ ಸಿದ್ಧವಾಗುತ್ತ ಕ್ಷೇಮವಾಗಿದ್ದೀರೆಂದು ಇಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ನೋಡಿ ಖಚಿತಪಡಿಸಿಕೊಂಡಿದ್ದೇನೆ. ನಮ್ಮ ನ್ಯಾಮತಿಯೇ ಕಣ್ಣೆದುರಿಗೆ ತಾಲ್ಲೂಕು ಕೇಂದ್ರವಾಗಿ, ಬೋರ್ಡುಗಳೆಲ್ಲ ಬದಲಾಗಿ, ನನ್ನ ಅಂಗಡಿಯ ವಿಳಾಸವನ್ನೂ ನಾನು ಹೊಸದಾಗಿ ಬರೆಸಬೇಕಾಗಿ ಬಂದ ಈ ಕಾಲದಲ್ಲಿ, ತಾವು ಮಾತ್ರ ಒಂದಕ್ಷರವೂ ಕದಲದೆ ನಿಂತಿರುವುದು ನಮ್ಮಂಥವರಿಗೆ ದೊಡ್ಡ ಧೈರ್ಯ.

ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ದೂರುಗಳನ್ನು ತಮ್ಮ ಬಾಗಿಲಲ್ಲಿ ಕುಳಿತಿರುವ ಯಂತ್ರವೊಂದು, 'ಬಹಳ ದಿನಗಳಿಂದ ಇದಕ್ಕೆ ಯಾರೂ ಉತ್ತರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ' ಎಂದು ಬಹಳ ವಿನಯದಿಂದ ಹಿಂದಿರುಗಿಸಿತು. ಉತ್ತರಿಸದೇ ಇರುವುದೇ ಪರಿಹಾರ ಎಂಬ ಈ ಹೊಸ ವಿಚಾರ ನನಗೆ ತುಂಬ ಹಿಡಿಸಿದ್ದು, ನನ್ನ ಅಂಗಡಿಯ ಕರೆಂಟ್ ಬಿಲ್ಲಿಗೂ ಇದನ್ನು ಅನ್ವಯಿಸಿ ನೋಡುವ ಆಲೋಚನೆಯಲ್ಲಿದ್ದೇನೆ.

ತಮ್ಮ ಪರಿಚಯವಿಲ್ಲದ ಸಾರ್ವಜನಿಕರಿಗಾಗಿ ವಿಷಯವನ್ನು ಮೊದಲಿನಿಂದ ಹೇಳಿಬಿಡುತ್ತೇನೆ. 'ನೀರ್ ಬಂತು' ಎಂಬುದು ಯಾರದೂ ಅಲ್ಲದ, ಎಲ್ಲರದೂ ಆದ, ಬಿಟ್ಟಿಯಾಗಿ ಸಿಗುವ ಒಂದು ಮುಕ್ತ ತಂತ್ರಾಂಶ. ಹಳ್ಳಿಯ ನೀರಗಂಟಿ ಒಂದು ಬೀದಿಯ ವಾಲ್ವ್ ತಿರುಗಿಸಿ, ತನ್ನ ಮೊಬೈಲಿನಲ್ಲಿ ಆ ಬೀದಿಯ ಸಂಖ್ಯೆ ಒತ್ತಿದರೆ ಸಾಕು, ಆ ಬೀದಿಯ ಎಲ್ಲ ಮನೆಯ ಫೋನುಗಳೂ ಒಟ್ಟಿಗೆ ಹೊಡೆದುಕೊಂಡು, ನೀರು ಬಂದಿದೆ ಎಂದು ಧ್ವನಿಯಲ್ಲಿ ಹೇಳುತ್ತವೆ. ಕೆಲವು ಪುಣ್ಯವಂತರು ತಮ್ಮ ಬಿಡುವಿನಲ್ಲಿ ಇದನ್ನು ಬರೆದು ಹಂಚಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಪಕ್ಕದ ಚಿಕ್ಕಮಾದನಕೊಪ್ಪದಲ್ಲಿ ಐದು ಬೀದಿ, ಐದು ವಾಲ್ವ್, ಒಬ್ಬಳೇ ನೀರಗಂಟಿ ಗಾದ್ರಮ್ಮ. ಈ ತಂತ್ರಾಂಶ ಓಡುವ ಹಳೆಯ ಕಂಪ್ಯೂಟರು ನನ್ನ ಅಂಗಡಿಯ ಮೂಲೆಯಲ್ಲಿದೆ. ಫೋನಿನಲ್ಲಿ ಕೇಳಿಸುವ ದನಿಯೂ ಗಾದ್ರಮ್ಮನದೇ. ಜೆರಾಕ್ಸ್ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನನ್ನ ಅಂಗಡಿಯಲ್ಲೇ ರೆಕಾರ್ಡ್ ಮಾಡಿದ್ದು.

ಆರಂಭದಲ್ಲಿ ಈ ತಂತ್ರಾಂಶಕ್ಕೆ ಒಂದೇ ಹಾಳೆಯ ಕೈಪಿಡಿ ಇತ್ತು. ಅದನ್ನು ನಾನೇ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿಸಿ, ಪಂಪ್‌ಹೌಸಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ. ಒಂದು ಒತ್ತಿದರೆ ಮೊದಲನೇ ಬೀದಿ, ಎರಡು ಒತ್ತಿದರೆ ಎರಡನೇ ಬೀದಿ, ಹೀಗೆ ಐದರ ತನಕ. ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ: 'ಸೊನ್ನೆ ಒತ್ತಬೇಡಿ. ಒತ್ತಿದರೆ ಎಲ್ಲ ಫೋನ್ ನಂಬರುಗಳೂ ಅಳಿಸಿಹೋಗುತ್ತವೆ.' ಆ ಹಾಳೆ ನೋಡಲು ಚೆಂದವಿರಲಿಲ್ಲ, ಅದರಲ್ಲಿ ಚಿತ್ರಗಳಿರಲಿಲ್ಲ, ಹುಡುಕುವ ಸೌಲಭ್ಯವಿರಲಿಲ್ಲ. ಇದ್ದದ್ದು ಒಂದೇ ದೋಷ, ಅದು ಅರ್ಥವಾಗುತ್ತಿತ್ತು.

ಈ ದೋಷವನ್ನು ನಿವಾರಿಸಲೆಂದೇ ಕೈಪಿಡಿ ಸಮಿತಿ ರಚನೆಯಾಯಿತು. ಕೈಪಿಡಿಯನ್ನು ಎಲ್ಲಿ ಇಡಬೇಕು, ಹೇಗೆ ನಿರ್ವಹಿಸಬೇಕು ಎಂಬುದನ್ನು ತೀರ್ಮಾನಿಸುವ ತನಕ ಹಳೆಯದನ್ನು ಇಂಟರ್ನೆಟ್ಟಿನಿಂದ ತೆಗೆದುಹಾಕಿ, ಆ ಜಾಗದಲ್ಲಿ ತಮ್ಮನ್ನು ಪ್ರತಿಷ್ಠಾಪಿಸಲಾಯಿತು. ಸಮಿತಿಯ ಮೂವರೂ ಸಜ್ಜನರು, ಮೂವರೂ ನಮ್ಮ ಕಡೆಯವರೇ ಎಂಬುದು ಹೆಮ್ಮೆಯ ಸಂಗತಿ. ಚನ್ನಗಿರಿಯ ಅರುಣ್ ಕುಮಾರ್ ಅವರ ಪ್ರಕಾರ ಕೈಪಿಡಿಯು ತಂತ್ರಾಂಶದ ಮೂಲ ಬರಹದ, ಅಂದರೆ ಕೋಡಿನ, ಪಕ್ಕದಲ್ಲೇ ಇರತಕ್ಕದ್ದು, ಎರಡನ್ನೂ ಒಟ್ಟಿಗೆ ತಿದ್ದತಕ್ಕದ್ದು. ಜಗಳೂರಿನ ವೆಂಕಟೇಶ್ ಅವರ ಪ್ರಕಾರ ಅದು ಯಾರು ಬೇಕಾದರೂ ಬಂದು ತಿದ್ದಬಹುದಾದ ಸಾರ್ವಜನಿಕ ಪುಟವಾಗಿರಬೇಕು. ಹೊನ್ನಾಳಿಯ ದುರ್ಗಾಂಬಿಕಾ ಅವರ ಪ್ರಕಾರ ಈಗ ಯಾರೂ ಓದುವುದಿಲ್ಲ, ಆದ್ದರಿಂದ ವಿಡಿಯೊ ಮಾಡಬೇಕು. ಮೂವರ ಮಾತೂ ಸರಿಯಾಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ವೆಂಕಟೇಶ್ ಅವರು ಸಾರ್ವಜನಿಕ ಪುಟ ತೆರೆದರು. ಯಾರು ಬೇಕಾದರೂ ತಿದ್ದಬಹುದೆಂದು ತಿಳಿದ ಯಾರೋ ಒಬ್ಬರು ಅದರಲ್ಲಿ 'ಕುರಿ ಮಾರಾಟಕ್ಕಿವೆ' ಎಂದು ಬರೆದು ಫೋನ್ ನಂಬರು ಹಾಕಿದರು. ಕುರಿಗಳು ಮಾರಾಟವಾದವು. ಆ ಪುಟದಿಂದ ಇದುವರೆಗೆ ಯಾರಿಗಾದರೂ ಉಪಯೋಗವಾಗಿದ್ದರೆ ಅದೊಂದೇ. ದುರ್ಗಾಂಬಿಕಾ ಅವರು ವಿಡಿಯೊ ಮಾಡಿದರು. ಅದರಲ್ಲಿ ಅವರು ಎಲ್ಲರಿಗೂ ನಮಸ್ಕಾರ ಹೇಳಿ, ಹಂಚಿಕೊಳ್ಳಿರೆಂದು ಕೇಳಿಕೊಂಡು, ಮತ್ತೊಮ್ಮೆ ನಮಸ್ಕಾರ ಹೇಳಿ, ಕೊನೆಗೆ ಸೊನ್ನೆಯ ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಮಿಕ್ಸಿ ಶುರುವಾಗುತ್ತದೆ. ಮಿಕ್ಸಿ ನಿಂತಾಗ ಅವರು 'ಇಷ್ಟೇ, ಬಹಳ ಸುಲಭ' ಎನ್ನುತ್ತಿರುತ್ತಾರೆ. ಅರುಣ್ ಕುಮಾರ್ ಅವರು ಇವೆರಡನ್ನೂ ಒಪ್ಪದೆ, ಮೊದಲು ಬರವಣಿಗೆಯ ನಿಯಮಗಳಾಗಲಿ ಎಂದು 'ಕೈಪಿಡಿ ಬರೆಯುವ ಕೈಪಿಡಿ' ಎಂಬುದನ್ನು ರಚಿಸಿದರು. ಮಾನ್ಯರೇ, ಅದು ಸಂಪೂರ್ಣವಾಗಿದೆ. ವಿಷಯಸೂಚಿ ಇದೆ, ಚಿತ್ರಗಳಿವೆ, ಅಲ್ಪವಿರಾಮ ಎಲ್ಲಿ ಹಾಕಬೇಕೆಂಬ ಅಧ್ಯಾಯವಿದೆ. ತಮ್ಮ ಇಡೀ ಮನೆತನದಲ್ಲಿ ಸಿದ್ಧವಾಗಿರುವವರು ಅವರೊಬ್ಬರೇ.

ಇದರ ನಡುವೆ ತಂತ್ರಾಂಶದ ಹೊಸ ಆವೃತ್ತಿ ಯಾರನ್ನೂ ಕೇಳದೆ ಬಂದು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕುಳಿತುಕೊಂಡಿತು. ಮರುದಿನ ಗಾದ್ರಮ್ಮ ಮೊದಲನೇ ಬೀದಿಯ ವಾಲ್ವ್ ತಿರುಗಿಸಿ ಒಂದು ಒತ್ತಿದರೆ, ಹೊಡೆದುಕೊಂಡದ್ದು ಎರಡನೇ ಬೀದಿಯ ಫೋನುಗಳು. ಎರಡನೇ ಬೀದಿಯವರು ಕೊಡ ಹಿಡಿದು ಒಣಗಿದ ನಲ್ಲಿಯ ಮುಂದೆ ನಿಂತರು. ಮೊದಲನೇ ಬೀದಿಯಲ್ಲಿ ಯಾರಿಗೂ ಗೊತ್ತಾಗದೆ ನೀರು ಚರಂಡಿ ಸೇರಿತು. ಎರಡು ಒತ್ತಿದರೆ ಮೂರನೆಯದು, ಮೂರು ಒತ್ತಿದರೆ ನಾಲ್ಕನೆಯದು. ಐದು ಒತ್ತಿದಾಗ, 'ಅಂಥ ಬೀದಿ ಇರುವುದಿಲ್ಲ' ಎಂಬ ಉತ್ತರ ಬಂತು. ಗಾದ್ರಮ್ಮನ ಮನೆಯಿರುವುದು ಆ ಐದನೇ ಬೀದಿಯಲ್ಲೇ. "ಮದ್ವಿ ಆಗಿ ಬಂದಾಗಿಂದ ಅಲ್ಲೇ ಅದೀನಿ, ಬೀದಿನೇ ಇಲ್ಲ ಅಂತೈತಲ್ರೀ ಇದು" ಎಂದು ಆಕೆ ನನ್ನನ್ನು ಕೇಳಿದಾಗ ನಾನು ತಮ್ಮ ಮುಖ ನೋಡಿದೆ. ತಾವು ಸಿದ್ಧವಾಗುತ್ತಿದ್ದಿರಿ.

ಆ ವಾರವೇ ನಾನು ತಂಗಿಯ ಮಗುವಿನ ನಾಮಕರಣಕ್ಕೆಂದು ತವರಿಗೆ, ಜಗಳೂರು ತಾಲ್ಲೂಕಿನ ಸೊಕ್ಕೆಗೆ ಹೋಗಿಬಿಟ್ಟೆ. ಬೀದಿಯವರ ಬೈಗುಳ ತಡೆಯಲಾರದೆ ಗಾದ್ರಮ್ಮ ತನ್ನ ಗಂಡ ಬೈಲಪ್ಪನ ಕೈಯಲ್ಲಿ ತಮ್ಮ ಪುಟವನ್ನು ತೆರೆಸಿದ್ದಾಳೆ. ತಮ್ಮ ನೆತ್ತಿಯ ಮೇಲೆ ಹೀಗೆ ಬರೆದಿತ್ತಂತೆ: 'ಕೈಪಿಡಿಯನ್ನು ಮುಖ್ಯ ಶಾಖೆಗೆ ಸ್ಥಳಾಂತರಿಸಲಾಗಿದೆ. ಮಾಹಿತಿಗೆ ಮುಖ್ಯ ಶಾಖೆಯನ್ನು ನೋಡಿ.' ತಂತ್ರಾಂಶ ಬರೆಯುವವರ ಪರಿಭಾಷೆಯಲ್ಲಿ, ಎಲ್ಲ ತಿದ್ದುಪಡಿಗಳೂ ಕೊನೆಗೆ ಬಂದು ಸೇರುವ ಅಸಲಿ ಪ್ರತಿಗೆ ಮುಖ್ಯ ಶಾಖೆ ಎನ್ನುತ್ತಾರೆಂದು ನನಗೆ ಗೊತ್ತು. ಗಾದ್ರಮ್ಮನಿಗೆ ಗೊತ್ತಿರುವ ಮುಖ್ಯ ಶಾಖೆ ಹೊನ್ನಾಳಿಯಲ್ಲಿದೆ. ಆಕೆಯ ಸಂಬಳ ಜಮಾ ಆಗುವ ಬ್ಯಾಂಕಿನದು. ಆಕೆ ಬಸ್ ಹತ್ತಿ ಹೋದಳು.

ಅಲ್ಲಿ ಟೋಕನ್ ತೆಗೆದುಕೊಂಡು, ಸರದಿಯಲ್ಲಿ ನಿಂತು, "ನೀರಿನ ಕೈಪಿಡಿ ಇಲ್ಲಿಗೆ ಟ್ರಾನ್ಸ್‌ಫರ್ ಆಗೈತಂತೆ, ಕೊಡ್ರಿ" ಎಂದು ಕೇಳಿದ್ದಾಳೆ. ಕೌಂಟರಿನ ಹುಡುಗಿ ನಗಲಿಲ್ಲವಂತೆ. ಎದ್ದು ಹೋಗಿ ಒಳಗೆ ಕೇಳಿಕೊಂಡು ಬಂದು, "ಇಲ್ಲಿಗೆ ಬಂದಿಲ್ಲಮ್ಮ, ನೀರು ಕುಡೀತೀರಾ?" ಎಂದಳಂತೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಟ್ಟು ಕಳಿಸಿದ್ದಾಳೆ. ಮಾನ್ಯರೇ, ತಮ್ಮ ಕೈಪಿಡಿಯ ಇಡೀ ಚರಿತ್ರೆಯಲ್ಲಿ ಬಳಕೆದಾರರೊಬ್ಬರ ಮುಖ ನೋಡಿ ಒಬ್ಬರು ಉತ್ತರ ಕೊಟ್ಟದ್ದು ಇದೇ ಮೊದಲು, ಅದೂ ಯಾವ ಸಂಬಂಧವೂ ಇಲ್ಲದ ಬ್ಯಾಂಕಿನಲ್ಲಿ. ಈ ಸಂಗತಿಯನ್ನು ಕೇಳಿ ನಾನು ಮೊದಲು ನಕ್ಕೆ. ಆಮೇಲೆ ನನಗೆ ಬಹಳ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಊರಿಗೆ ಬಂದ ಮೇಲೆ ನಾವಿಬ್ಬರೂ ಕುಳಿತು ನೋಡಿದಾಗ ಎಲ್ಲವೂ ಒಂದು ಬೀದಿ ಮುಂದಕ್ಕೆ ಸರಿದಿರುವುದು ತಿಳಿಯಿತು. ಈಗ ಎರಡನೇ ಬೀದಿಗೆ ಒಂದು, ಐದನೇ ಬೀದಿಗೆ ನಾಲ್ಕು ಒತ್ತಿ ಗಾದ್ರಮ್ಮ ಸುಧಾರಿಸಿದ್ದಾಳೆ. ಉಳಿದದ್ದು ಮೊದಲನೇ ಬೀದಿ. ಹೊಸ ಆವೃತ್ತಿ ಬೀದಿಗಳನ್ನು ಸೊನ್ನೆಯಿಂದ ಎಣಿಸುತ್ತಿರಬೇಕು, ಆ ಲೆಕ್ಕದ ಪ್ರಕಾರ ಅದಕ್ಕೆ ಸೊನ್ನೆ ಒತ್ತಬೇಕು. ಗೋಡೆಯ ಮೇಲಿನ ಹಾಳೆಯ ಪ್ರಕಾರ ಸೊನ್ನೆ ಒತ್ತಬಾರದು, ಒತ್ತಿದರೆ ಸರ್ವನಾಶ. ಹೊಸ ಆವೃತ್ತಿಯಲ್ಲಿ ಸೊನ್ನೆ ಏನು ಮಾಡುತ್ತದೆ ಎಂಬುದನ್ನು ಹೇಳಬೇಕಾದವರು ತಾವು. ನಂಬರುಗಳ ನಕಲು ತೆಗೆದಿಟ್ಟುಕೊಂಡು ಒತ್ತೋಣವೆಂದರೆ, ನಕಲು ತೆಗೆಯುವುದು ಹೇಗೆಂದು ತಿಳಿಸುವ ಪುಟ ತಮ್ಮ ತಮ್ಮನಿರಬೇಕು, ಅವರೂ ಸಿದ್ಧವಾಗುತ್ತಿದ್ದಾರೆ. ಜೆರಾಕ್ಸ್ ಅಂಗಡಿಯವಳಾದ ನನ್ನ ಕೈಯಲ್ಲಿ ನಕಲು ತೆಗೆಯಲಾಗದ ವಸ್ತುವನ್ನು ನಾನು ಕಂಡದ್ದು ಇದೇ ಮೊದಲು. ಆ ನಂಬರುಗಳನ್ನು ಗಾದ್ರಮ್ಮ ಮನೆಮನೆಗೆ ಹೋಗಿ, ಬಾಗಿಲಲ್ಲಿ ಕಾದು, ಫೋನು ಹೊಲಕ್ಕೆ ಹೋಗಿದ್ದರೆ ಮತ್ತೆ ಹೋಗಿ ಕೂಡಿಸಿದ್ದು. ಅವು ಅಳಿಸಿಹೋದರೆ ಆಕೆಯನ್ನು ಮತ್ತೆ ಯಾರೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ.

ನಾನು ಸಮಿತಿಗೆ ಒಂದೇ ಒಂದು ವಾಕ್ಯದ ಪ್ರಶ್ನೆ ಕಳಿಸಿದೆ: ಸೊನ್ನೆ ಒತ್ತಬಹುದೇ? ಪ್ರಶ್ನೆ ಬಹಳ ಒಳ್ಳೆಯದು, ಇದರ ಉತ್ತರ ಕೈಪಿಡಿಯಲ್ಲಿ ಇರಲೇಬೇಕು ಎಂದು ಮೂವರೂ ಒಪ್ಪಿದರು. ಆದರೆ ಉತ್ತರವನ್ನು ಬರೆಯುವ ಮೊದಲು ಅದನ್ನು ಎಲ್ಲಿ ಬರೆಯಬೇಕೆಂಬುದು ತೀರ್ಮಾನವಾಗಬೇಕಲ್ಲ. ಅದಕ್ಕೆ ಮತದಾನ ಮಾಡೋಣವೆಂದಾಯಿತು. ಮತದಾನ ಹೇಗಿರಬೇಕೆಂಬುದಕ್ಕೆ ಕರಡು ನಿಯಮ ಬಂತು; ಆ ಕರಡನ್ನು ಎಲ್ಲಿ ಇಡಬೇಕೆಂಬುದರ ಮೇಲೆ ಈಗ ಚರ್ಚೆ ನಡೆದಿದೆ. ಅಷ್ಟು ಅವಸರವಿದ್ದರೆ ಮೂಲ ಬರಹ ಎಲ್ಲರಿಗೂ ತೆರೆದೇ ಇದೆ, ನೀವೇ ಓದಿಕೊಳ್ಳಬಹುದು ಎಂದು ಅರುಣ್ ಕುಮಾರ್ ಅವರು ಸೌಜನ್ಯದಿಂದ ತಿಳಿಸಿದರು. ಹಗ್ಗವಿಲ್ಲದವನಿಗೆ ಬಾವಿ ತೆರೆದೇ ಇದೆ ಎಂದು ಹೇಳಿದಂತಾಯಿತು. ಆದರೂ ತೆರೆದು ನೋಡಿದೆ. ನನಗೆ ಅರ್ಥವಾದ ಸಾಲು ಒಂದೇ. ಸೊನ್ನೆ ಎಂದಿದ್ದ ಕಡೆ ಪಕ್ಕದಲ್ಲಿ ಯಾರೋ 'ಇದನ್ನು ಆಮೇಲೆ ವಿವರಿಸುವುದು' ಎಂದು ಬರೆದಿದ್ದರು. ಕೊನೆಗೆ ಈಗಿನ ಕಾಲದ ಸರ್ವಜ್ಞ ಯಂತ್ರವನ್ನು ಕೇಳಿದೆ. ಅದು ಖಂಡಿತ ಒತ್ತಬಹುದು ಎಂದಿತು. ಅಳಿಸಿಹೋಗುವುದಿಲ್ಲವೇ ಎಂದು ಕೇಳಿದ ಕೂಡಲೇ ಕ್ಷಮೆ ಕೋರಿ, ಖಂಡಿತ ಒತ್ತಬಾರದು ಎಂದಿತು. ಎರಡೂ ಸಲ ಅದರ ಆತ್ಮವಿಶ್ವಾಸ ಮೆಚ್ಚುವಂತಿತ್ತು.

ಇತ್ತ ಮೊದಲನೇ ಬೀದಿಯ ಕಥೆ ಕೇಳಿ. ಅಲ್ಲಿರುವವರು ಪಂಚಾಯಿತಿ ಸದಸ್ಯರಾದ ಮುರುಗೇಶಪ್ಪನವರು. ಅವರ ಬೀದಿಗೆ ನೀರು ಬಿಡುವ ದಿನ ಗಾದ್ರಮ್ಮ ತನ್ನ ಸ್ವಂತ ಫೋನಿನಿಂದ ಅವರಿಗೆ ಕರೆ ಮಾಡಿ ಹೇಳಿ ನೋಡಿದಳು. ಅವರಿಗೆ ಸಮಾಧಾನವಾಗಲಿಲ್ಲ. "ನೀನು ಫೋನ್ ಮಾಡೋದು ಬ್ಯಾರೆ, ಮಿಷನ್ ಫೋನ್ ಮಾಡೋದು ಬ್ಯಾರೆ. ಎಲ್ಲಾ ಬೀದಿಗೂ ಬರ್ತೈತೆ, ನನಗ್ಯಾಕೆ ಬರಲ್ಲ?" ಎಂದರಂತೆ. ಬೇರೆ ದಾರಿ ಕಾಣದೆ ನಾವು ರೆಕಾರ್ಡಿಂಗ್ ಬದಲಿಸಿದೆವು. ಈಗ ಗಾದ್ರಮ್ಮನ ದನಿ ಹೀಗೆ ಹೇಳುತ್ತದೆ: "ನೀರ್ ಬಂತು. ನಿಮ್ಮ ನಲ್ಯಾಗೆ ಬರ್ಲಿಲ್ಲ ಅಂದ್ರೆ ಹಿಂದ್ಲ ಬೀದಿಗೆ ಬಂದೈತೆ, ಹೋಗಿ ಹೇಳ್ರಿ." ಮೊದಲನೇ ಬೀದಿಯ ದಿನ ಒಂದು ಒತ್ತುವುದು, ಎರಡನೇ ಬೀದಿಯ ಫೋನು ಹೊಡೆದುಕೊಳ್ಳುವುದು, ಅಲ್ಲಿಯವರು ಹೋಗಿ ಮೊದಲನೇ ಬೀದಿಗೆ ಹೇಳುವುದು ಎಂಬ ಏರ್ಪಾಡು.

ಎರಡನೇ ಬೀದಿಯಲ್ಲಿ ಹಗಲು ಹೊತ್ತು ಮನೆಯಲ್ಲಿರುವವರು ಸಿದ್ದಲಿಂಗಮ್ಮ. ಅವರ ಹಿತ್ತಿಲಿಗೆ ಮುರುಗೇಶಪ್ಪನವರ ಮನೆಯ ಮುಂಬಾಗಿಲು ಎದುರು. ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂಬ ವಿಷಯದಲ್ಲಿ ಮಾತು ಬಿಟ್ಟು ಇಬ್ಬರೂ ಹಟ ಹಿಡಿದಿದ್ದಾರೆ. ಆದರೂ ಸಿದ್ದಲಿಂಗಮ್ಮ ನ್ಯಾಯವಂತೆ. ಫೋನು ಬಂದ ಕೂಡಲೇ ಹಿತ್ತಿಲಿಗೆ ಹೋಗಿ, ತಮ್ಮ ಎಮ್ಮೆಯ ಕಡೆ ತಿರುಗಿ, "ಏ ಎಮ್ಮಿ, ನೀರ್ ಬಂದೈತಂತೆ ಕಣೇ, ಬೇಕಾದೋರು ಹಿಡ್ಕಳ್ಳಿ, ಬ್ಯಾಡಾದೋರು ಬಿಡ್ಲಿ" ಎಂದು ಮೊದಲನೇ ಬೀದಿಯ ಕೊನೆಯ ಮನೆಗೂ ಕೇಳುವ ದನಿಯಲ್ಲಿ ಹೇಳುತ್ತಾರೆ. ಮೊದಲನೇ ಬೀದಿ ಕೊಡ ಹಿಡಿಯುತ್ತದೆ. ಎಮ್ಮೆ ಮೇಯಲು ಹೋದ ದಿನ ಮಾತ್ರ ಸಿದ್ದಲಿಂಗಮ್ಮನಿಗೆ ಮಾತನಾಡಲು ಯಾರೂ ಇರುವುದಿಲ್ಲ, ಮೊದಲನೇ ಬೀದಿಗೆ ನೀರೂ ಇರುವುದಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಸಮಿತಿಯ ಪರಿಶೀಲನೆಯಲ್ಲಿರುವ ಮಾರ್ಗಗಳ ಜೊತೆಗೆ ಎಮ್ಮೆಯ ಮೂಲಕ ಕೈಪಿಡಿ ನಿರ್ವಹಿಸುವ ಮಾರ್ಗವನ್ನೂ ದಯವಿಟ್ಟು ಸೇರಿಸಿಕೊಳ್ಳಬೇಕು. ಇದಕ್ಕೆ ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ, ಕುರಿ ಮಾರುವವರ ಕಾಟವಿಲ್ಲ, ಮಿಕ್ಸಿಯ ಸದ್ದನ್ನೂ ಮೀರಿ ಕೇಳಿಸುತ್ತದೆ, ಮೇಲಾಗಿ ಹಾಲು ಕೊಡುತ್ತದೆ. ಮೇಯಲು ಹೋದಾಗ ಸೇವೆ ಲಭ್ಯವಿರುವುದಿಲ್ಲ ಎಂಬುದು ನಿಜವಾದರೂ, ಸಂಜೆಗೆ ತಪ್ಪದೆ ಮನೆಗೆ ಬರುತ್ತದೆ. ಈ ಒಂದು ವಿಷಯದಲ್ಲಿ ಅದು ತಮಗಿಂತ ಒಂದು ಹೆಜ್ಜೆ ಮುಂದಿದೆ ಎಂದು ಹೇಳಲು ಸಂಕೋಚವಾಗುತ್ತದೆ.

ಇದು ತಮ್ಮ ಘನತೆಗೆ ತಕ್ಕುದಲ್ಲ ಎಂದಾದರೆ ತಾವೇ ಖುದ್ದಾಗಿ ಚಿಕ್ಕಮಾದನಕೊಪ್ಪಕ್ಕೆ ಬಿಜಯಂಗೈದು, ಪಂಪ್‌ಹೌಸಿನ ಗೋಡೆಯ ಮೇಲೆ ಆ ಹಳೆಯ ಹಾಳೆಯ ಪಕ್ಕದಲ್ಲೇ ಸಿದ್ಧವಾಗುತ್ತ ಇರಬಹುದು. ಮೊಳೆ ನಾನು ಕೊಡಿಸುತ್ತೇನೆ. ಅದೂ ಆಗದಿದ್ದರೆ ಸೊನ್ನೆಯನ್ನೇ ಬೇರೆ ತಾಲ್ಲೂಕಿಗೆ ವರ್ಗ ಮಾಡಿಸಬಹುದು. ಅಥವಾ ಊರಿನವರು ಇನ್ನು ಮುಂದೆ ಮಕ್ಕಳನ್ನೂ ಮನೆಗಳನ್ನೂ ಬೀದಿಗಳನ್ನೂ ಸೊನ್ನೆಯಿಂದಲೇ ಎಣಿಸತಕ್ಕದ್ದೆಂದು ತಾವೊಂದು ಸುತ್ತೋಲೆ ಹೊರಡಿಸಬಹುದು. ಮುರುಗೇಶಪ್ಪನವರು ತಮ್ಮದು ಸೊನ್ನೆ ಬೀದಿ ಎಂದು ಒಪ್ಪಿಕೊಳ್ಳುವ ದಿನ ನಾನು ಅಂಗಡಿಗೆ ರಜೆ ಹಾಕಿ ನೋಡಲು ಬರುತ್ತೇನೆ. ಅಂದ ಹಾಗೆ, 'ಕೈಪಿಡಿ ಬರೆಯುವ ಕೈಪಿಡಿ'ಯ ಮೊದಲ ಅಧ್ಯಾಯದ ಸಂಖ್ಯೆ ಏನೆಂದು ತಿರುವಿ ನೋಡಿದೆ. ಒಂದು.

ಹಾಸ್ಯ ಸಾಕು. ಬರುವ ಸೋಮವಾರ ಪಂಚಾಯಿತಿಯ ಸಭೆ ಇದೆ. ಗಾದ್ರಮ್ಮನನ್ನು ತೆಗೆದು 'ಕಂಪ್ಯೂಟರ್ ಬಲ್ಲ' ಒಬ್ಬರನ್ನು ನೇಮಿಸುವ ವಿಷಯವನ್ನು ಮುರುಗೇಶಪ್ಪನವರು ಸಭೆಯ ಮುಂದೆ ಇಡಲಿದ್ದಾರೆ. ಹಳ್ಳಿಯ ಯಾವ ವಾಲ್ವ್ ಎಷ್ಟು ಬಿಗಿ ಎಂದು ಆಕೆಯ ಅಂಗೈಯಲ್ಲಿ ಗುರುತಿದೆ. ತಪ್ಪು ಮಾತ್ರ ಆಕೆಯದಲ್ಲ. ಆ ಮೂವರೂ ಕೆಟ್ಟವರಲ್ಲ ಎಂಬುದು ನನಗೆ ಗೊತ್ತು, ಸಂಬಳವಿಲ್ಲದೆ ದುಡಿಯುವವರ ಮೇಲೆ ಹರಿಹಾಯುವುದು ನನಗೂ ಇಷ್ಟವಿಲ್ಲ. ಆದರೆ ಅವರು ಹುಡುಕುತ್ತಿರುವುದು ಕೈಪಿಡಿಗೆ ಒಂದು ಒಳ್ಳೆಯ ಮನೆಯನ್ನು. ಅದು ಸಿಗುವ ತನಕ ಬಾಗಿಲಲ್ಲಿ ಕಾಯುತ್ತ ನಿಂತಿರುವವಳು ಗಾದ್ರಮ್ಮ. ತಾವು ಪೂರ್ತಿ ಸಿದ್ಧವಾಗುವುದು ಬೇಡ. ಹೌದು ಅಥವಾ ಇಲ್ಲ, ಎರಡರಲ್ಲೊಂದು ಪದಕ್ಕಾಗುವಷ್ಟು ಸಿದ್ಧವಾದರೆ ಸಾಕು.

ಸಿದ್ಧವಾಗುತ್ತಿರುವ ತಮ್ಮಲ್ಲಿ ಇನ್ನೂ ಚೂರು ನಂಬಿಕೆ ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ಕಾವ್ಯಶ್ರೀ
ನ್ಯಾಮತಿ

ಮರೆತ ಮಾತು: ಈ ಪತ್ರವನ್ನು ಪ್ರಕಟಿಸುವ ಮೊದಲೇ ಸೋಮವಾರ ಬಂದುಬಿಟ್ಟಿತು. ಬೆಳಿಗ್ಗೆ ಗಾದ್ರಮ್ಮ ಮೊದಲನೇ ಬೀದಿಯ ವಾಲ್ವ್ ತಿರುಗಿಸಿ ನನಗೆ ಫೋನ್ ಮಾಡಿ, "ಅಳಿಸ್ಕಂಡ್ರೆ ಅಳಿಸ್ಕಳ್ಳಿ ಬಿಡ್ರಿ, ಹೆಂಗೂ ಸಂಜಿಗೆ ನನ್ನನ್ನೇ ಅಳಿಸ್ತಾರೆ" ಎಂದು ಹೇಳಿ ಸೊನ್ನೆ ಒತ್ತಿದಳು. ಏನೂ ಅಳಿಸಲಿಲ್ಲ. ಎಷ್ಟೋ ದಿನಗಳ ಮೇಲೆ ಮೊದಲನೇ ಬೀದಿಯ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ನೀರಿನ್ನೂ ಪೈಪಿನೊಳಗೆ ದಾರಿಯಲ್ಲೇ ಇತ್ತು; ಮುರುಗೇಶಪ್ಪನವರು ನಲ್ಲಿ ತಿರುಗಿಸಿದರೆ ಬರೀ ಗಾಳಿ. ರೆಕಾರ್ಡಿಂಗ್ ಹೇಳಿದಂತೆ ಹಿಂದಿನ ಬೀದಿಗೆ ತಿಳಿಸಲು ಅವರು ಲಗುಬಗೆಯಿಂದ ಹೊರಟರು. ಮೊದಲನೇ ಬೀದಿಯ ಹಿಂದೆ ಬೀದಿಯಿಲ್ಲ, ಕೆರೆ ಏರಿ ಇದೆ. ಅಲ್ಲಿ ನೀರು ಬಂದಿದೆಯೆಂದು ಯಾರಿಗೆ ಹೇಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದರಂತೆ. ಆದರೂ ಸಭೆಯಲ್ಲಿ, "ನನಗೂ ಮಿಷನ್ ಫೋನ್ ಬಂತಲ್ಲ, ಮತ್ಯಾಕೆ, ಆಯಮ್ಮನೇ ಇರ್ಲಿ ಬಿಡ್ರಿ" ಎಂದು ವಿಷಯ ಹಿಂದಕ್ಕೆ ಪಡೆದರು.

ಸಂಜೆ ತಮ್ಮ ಸಮಿತಿಯಿಂದ ನನಗೊಂದು ಸಂತೋಷದ ಸಂದೇಶ ಬಂತು. ನನ್ನ ಪ್ರಶ್ನೆಗೆ 'ಹೌದು, ಒತ್ತಬಹುದು' ಎಂಬ ಉತ್ತರವನ್ನು ತಾತ್ವಿಕವಾಗಿ ಒಪ್ಪಲಾಗಿದ್ದು, ಸದ್ಯದಲ್ಲೇ ಅದು ಮುಖ್ಯ ಶಾಖೆಯಲ್ಲಿ ದೊರೆಯಲಿದೆಯಂತೆ. ಗಾದ್ರಮ್ಮನಿಗೆ ಓದಿ ಹೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು, "ಹೊನ್ನಾಳಿ ಬ್ಯಾಂಕ್‌ನಾಗೇ ಸಿಗ್ತೈತಾ, ಇಲ್ಲ ಇನ್ನೂ ದೂರ ಹೋಗ್ಬೇಕಾ? ಬಸ್ಸಿನ ಟೈಮ್ ಕೇಳಿಟ್ಕಂತೀನಿ" ಎಂದಳು.